ಯಾವ ಇಲಿಯಲ್ಲಿ ವಾಸಿಯಾಯಿತು?

‘ಇಲಿಯಲ್ಲಿ ಕ್ಯಾನ್ಸರ್ ಮಾಯ’ ಎಂಬ ಸುದ್ದಿ ಬಂದಾಗಲೆಲ್ಲ ‘ನಮಗೆ ಯಾವಾಗ?’ ಎಂದು ಓದುಗರು ಕೇಳುತ್ತಾರೆ. ‘ಯಾವ ಇಲಿಯಲ್ಲಿ?’ ಎಂದು ಮೊದಲು ಕೇಳಬೇಕು.

ಸೋಂಕು ತಗುಲಿದ ಅಥವಾ ಕ್ಯಾನ್ಸರಿಗೆ ತಿರುಗಿದ ಜೀವಕೋಶ ಒಳಗಿನ ಪ್ರೋಟೀನಿನ ಚೂರುಗಳನ್ನು ಹೊರಮೈಯಲ್ಲಿ ಹಿಡಿದು ದೇಹದ ಕಾವಲುಗಾರರಾದ ಟಿ ಕಣಗಳಿಗೆ ತೋರಿಸುತ್ತದೆ. ಹಾಗೆ ಹಿಡಿದು ತೋರಿಸುವ ಅಣುಗಳ ಜೀನ್‌ಗಳು ಇಲಿಯಲ್ಲಿ ಎಚ್-2, ನಮ್ಮಲ್ಲಿ ಎಚ್‌ಎಲ್‌ಎ. ಮೊದಲು ಸಿಕ್ಕಿದ್ದು ಇಲಿಯದ್ದು. 1930ರ ದಶಕದಲ್ಲಿ ಲಂಡನ್ನಿನ ಪೀಟರ್ ಗೋರರ್ ಇಲಿಗಳ ರಕ್ತಕಣಗಳ ಮೇಲಿನ ಆಂಟಿಜನ್‌ಗಳಿಗೆ ಒಂದು, ಎರಡು ಎಂದು ನಂಬರು ಕೊಟ್ಟರು. ಕಸಿ ಮಾಡಿದ ಗಡ್ಡೆ ಉಳಿಯುತ್ತದೋ ಉದುರುತ್ತದೋ ಎಂಬುದಕ್ಕೆ ಎರಡನೆಯದರ ನಂಟಿತ್ತು. ಎಚ್-2ರಲ್ಲಿರುವ ಎರಡು ಅದೇ. ಅಮೆರಿಕದ ಬಾರ್ ಹಾರ್ಬರಿನಲ್ಲಿ ಜಾರ್ಜ್ ಸ್ನೆಲ್ ಈ ಒಂದು ಜಾಗದಲ್ಲಷ್ಟೇ ಬೇರೆಯಾದ ಇಲಿ ತಳಿಗಳನ್ನು ತಾಳ್ಮೆಯಿಂದ ಬೆಳೆಸಿದರು. ಮನುಷ್ಯರಲ್ಲಿ ಇಂಥ ಮೊದಲ ಆಂಟಿಜನ್ 1958ರಲ್ಲಿ ಪ್ಯಾರಿಸ್ಸಿನ ಝಾನ್ ದೋಸೆಗೆ ಸಿಕ್ಕಿತು. ಈಗ ಅದರ ಹೆಸರು ಎಚ್‌ಎಲ್‌ಎ-ಎ2. 1980ರ ನೊಬೆಲ್ ಸ್ನೆಲ್, ದೋಸೆ ಮತ್ತು ಇದೇ ಜೀನ್‌ಗಳ ಮೇಲೆ ಕೆಲಸ ಮಾಡಿದ ಬೆನಾಸೆರಾಫ್ ಮೂವರಿಗೆ ಹೋಯಿತು. ಗೋರರ್ 1961ರಲ್ಲೇ ತೀರಿಕೊಂಡಿದ್ದರು. ಈ ಕಥೆಯಲ್ಲಿ ನನ್ನ ಒಲವೆಲ್ಲ ಅವರ ಕಡೆಗೇ.

ಇಲಿಯ 17ನೇ ಕ್ರೋಮೋಸೋಮ್, ನಮ್ಮ 6ನೆಯದು ಎರಡರಲ್ಲೂ ಈ ಭಾಗ ಒಂದೇ ಓಣಿಯಂತಿದೆ: ಅಕ್ಕಪಕ್ಕದ ಮನೆಗಳು ಹೆಚ್ಚುಕಡಿಮೆ ಅದೇ ಸಾಲಿನಲ್ಲಿವೆ. ಆದರೆ ಈ ಜೀನ್‌ಗಳ ಎರಡು ವರ್ಗಗಳಲ್ಲಿ ಮೊದಲನೆಯದರ ‘ಕೆ’ ಎಂಬ ಮನೆ ಇಲಿಯಲ್ಲಿ ಓಣಿಯ ಆಚೆ ತುದಿಗೆ, ಎರಡನೇ ವರ್ಗದ ಮನೆಗಳನ್ನು ದಾಟಿ ಹೋಗಿ ಕೂತಿದೆ. ಎರಡನೇ ವರ್ಗದವರನ್ನು ಜೋಡಿ ಮಾಡಬಹುದು: ಇಲಿಯ ಐ-ಎಗೆ ನಮ್ಮ ಡಿಕ್ಯೂ, ಐ-ಇಗೆ ಡಿಆರ್. ಮೊದಲ ವರ್ಗದಲ್ಲಿ ಅದು ಆಗದು. ಇಲಿಯ ಕೆ, ಡಿ ಮತ್ತು ನಮ್ಮ ಎ, ಬಿ, ಸಿಗಳು ಎರಡು ವಂಶಗಳು ಕವಲೊಡೆದ ಮೇಲೆ ತಂತಮ್ಮಲ್ಲೇ ಕವಲಾದವು.

ಲ್ಯಾಬುಗಳ ಅಚ್ಚುಮೆಚ್ಚಿನ ಸಿ57 ಬ್ಲ್ಯಾಕ್ 6 ಇಲಿಯಲ್ಲಂತೂ ಐ-ಇ ಕಾಣಿಸಿಕೊಳ್ಳುವುದೇ ಇಲ್ಲ. ಸಾಲದ್ದಕ್ಕೆ ಒಳಸಂತಾನದ ತಳಿ. ತಂದೆ ತಾಯಿ ಇಬ್ಬರಿಂದಲೂ ಒಂದೇ ಜೀನ್. ನಮ್ಮಲ್ಲಾದರೋ ಎ, ಬಿ, ಸಿಗಳಲ್ಲೇ ಒಬ್ಬರಿಗೆ ಆರು ಬಗೆ ಇರಬಹುದು; ಜಗತ್ತಿನಲ್ಲಿ ಗುರುತಾದ ಎಚ್‌ಎಲ್‌ಎ ರೂಪಗಳು ಹತ್ತಾರು ಸಾವಿರ. ಈ ಲೆಕ್ಕದಲ್ಲಿ ನೂರು ಇಲಿಗಳ ಪ್ರಯೋಗವೆಂದರೆ ಒಬ್ಬನ ಮೇಲೇ ನೂರು ಸಲ ಮಾಡಿದ ಪ್ರಯೋಗ.

ಇದಕ್ಕಾಗಿಯೇ ಎಚ್‌ಎಲ್‌ಎ-ಎ2 ಹೊತ್ತ ಇಲಿಗಳನ್ನು ತಯಾರಿಸಿದ್ದಾರೆ. ಅಲ್ಲೂ ಒಂದು ತೊಡಕು: ಇಲಿಯ ಟಿ ಕಣದ ಮೇಲಿನ ಸಿಡಿ8 ಎಂಬ ಅಣು ನಮ್ಮ ಎಚ್‌ಎಲ್‌ಎ ಅಣುವಿನ ಬುಡವನ್ನು ಸರಿಯಾಗಿ ಹಿಡಿಯದು. ಹಾಗಾಗಿ ಅಂಥ ಹಲವು ಇಲಿಗಳಲ್ಲಿ ಚೂರು ಹಿಡಿಯುವ ಮೇಲ್ಭಾಗವಷ್ಟೇ ಮನುಷ್ಯರದ್ದು, ಬುಡ ಇಲಿಯದ್ದೇ.