ಸಿಗ್ನಲ್ ಒಳಗೊಂದು ಬಾವುಟ
2003ರಲ್ಲಿ ಅಮೆರಿಕದ ಎಫ್‌ಸಿಸಿ ಡಿಜಿಟಲ್ ಟಿವಿಗೆ ‘ಬ್ರಾಡ್‌ಕಾಸ್ಟ್ ಫ್ಲ್ಯಾಗ್’ ಅನ್ನೋ ರೂಲ್ ತಂತು. ಇದರಲ್ಲಿ ಎನ್‌ಕ್ರಿಪ್ಷನ್ ಏನೂ ಇಲ್ಲ. ಕಾರ್ಯಕ್ರಮದ ಡೇಟಾ ಜೊತೆ ‘ಇದನ್ನು ಇಂಟರ್‌ನೆಟ್‌ನಲ್ಲಿ ಹಂಚಬೇಡಿ’ ಅಂತ ಹೇಳುವ ಒಂದು ಪುಟ್ಟ ಗುರುತು ಬರುತ್ತೆ, ಅಷ್ಟೇ. ಆ ಗುರುತು ತಾನಾಗೇ ಏನನ್ನೂ ತಡೆಯಲ್ಲ. ರಿಸೀವರ್ ಅದರ ಮಾತು ಕೇಳಬೇಕು. ಹಳೇ ಸೆಟ್‌ಗಳಿಗೆ ಅದು ಗೊತ್ತೇ ಇಲ್ಲ. ಅದಕ್ಕೇ 2005ರ ಜುಲೈ 1ರಿಂದ ಹೊಸ ರಿಸೀವರ್‌ಗಳು ಅದನ್ನು ಪಾಲಿಸಲೇಬೇಕು ಅಂತ ಆದೇಶವಾಯ್ತು.

ತೊಂದರೆ ಇರೋದು ಇಲ್ಲೇ. ಹೊಸ ರೆಕಾರ್ಡರ್‌ನಲ್ಲಿ ಮಾಡಿದ ಡಿವಿಡಿ ಮನೆಯ ಹಳೇ ಪ್ಲೇಯರ್‌ನಲ್ಲಿ ಓಡ್ತಿರಲಿಲ್ಲ. ಪ್ಲೇಯರ್ ಚೆನ್ನಾಗೇ ಇದ್ರೂ ಬದಲಾಯಿಸಬೇಕಾಗ್ತಿತ್ತು. ಅಮೆರಿಕದ ಗ್ರಂಥಾಲಯ ಸಂಘ ಮತ್ತಿತರರು ಕೋರ್ಟಿಗೆ ಹೋದರು. 2005ರ ಮೇ 6ರಂದು ತೀರ್ಪು ಬಂತು: ಪ್ರಸಾರ ಮನೆಗೆ ತಲುಪಿದ ಮೇಲೆ ರಿಸೀವರ್ ಏನು ಮಾಡಬೇಕು ಅನ್ನೋದನ್ನ ಹೇಳೋ ಅಧಿಕಾರ ಎಫ್‌ಸಿಸಿಗಿಲ್ಲ. ಜಾರಿಗೆ ಬರೋ ಮೊದಲೇ ರೂಲ್ ಬಿದ್ದುಹೋಯ್ತು.