‘ಈ ಪ್ರಾರ್ಥನೆ 10 ಜನರಿಗೆ ಕಳಿಸಿ’: ದುರಂತದ ನಂತರ ಬರುವ ಮೆಸೇಜ್ ಎಷ್ಟು ನಿಜ?

ಎಲ್ಲಾದರೂ ದೊಡ್ಡ ದುರಂತ ನಡೆದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಮೇಣದಬತ್ತಿಯ ಚಿತ್ರದ ಜೊತೆ ಒಂದು ಪ್ರಾರ್ಥನೆ ಬರುತ್ತದೆ. ಪ್ರಾರ್ಥನೆಯಿಂದ ಗಾಯಾಳುಗಳು ಬೇಗ ಗುಣವಾಗುತ್ತಾರೆ, ಇದನ್ನು ವಿಜ್ಞಾನವೇ ಒಪ್ಪಿದೆ, ಹತ್ತು ಜನರಿಗೆ ಕಳಿಸಿ ಎಂಬ ಒಕ್ಕಣೆ ಬೇರೆ. ನಿಮಗೂ ಬಂದಿರಬಹುದು.

ವಿಜ್ಞಾನ ಒಪ್ಪಿದೆಯೇ? ಇಲ್ಲ.

ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಮೆರಿಕದ 6 ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪುಗಳಿಗಾಗಿ ಕ್ರೈಸ್ತ ಪ್ರಾರ್ಥನಾ ತಂಡಗಳು ದೂರದಿಂದಲೇ 14 ದಿನ ಪ್ರಾರ್ಥಿಸಿದವು. ಪ್ರಾರ್ಥನೆ ಸಿಕ್ಕವರಲ್ಲಿ ಶೇ 52 ಜನರಿಗೆ, ಸಿಗದವರಲ್ಲಿ ಶೇ 51 ಜನರಿಗೆ ಆಪರೇಷನ್ ನಂತರ ತೊಂದರೆಗಳು ಕಾಣಿಸಿದವು. ಅಂದರೆ ವ್ಯತ್ಯಾಸವೇ ಇಲ್ಲ. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ’ ಎಂದು ತಿಳಿಸಿದ್ದ ಮೂರನೇ ಗುಂಪಿನಲ್ಲಿ ಶೇ 59! (ಇದು ಆಕಸ್ಮಿಕವೂ ಇರಬಹುದು. ಇದನ್ನೇ ‘ಪ್ರಾರ್ಥನೆ ಅಪಾಯಕಾರಿ’ ಎಂದು ಫಾರ್ವರ್ಡ್ ಮಾಡಬೇಡಿ.)

ಹಾಗಾದರೆ ಪ್ರಾರ್ಥನೆ ವ್ಯರ್ಥವೇ?

ಈ ಅಧ್ಯಯನ ಅಳೆದದ್ದು ಆಪರೇಷನ್ ನಂತರದ ತೊಂದರೆಗಳನ್ನು. ಮನೆಯವರನ್ನು ಕಳೆದುಕೊಂಡವರ ದುಃಖವನ್ನಲ್ಲ. ಆ ವ್ಯತ್ಯಾಸ ನೋಡಲು ಗುಂಡ್ಲುಪೇಟೆಯವರು ದೂರ ಹೋಗಬೇಕಿಲ್ಲ, ಬಂಡೀಪುರದ ಕಾಡು ದಾಟಿದರೆ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಅಲ್ಲಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ಚಾಮರಾಜನಗರ ಜಿಲ್ಲೆಯಿಂದ ಹೋಗಿ ನೆಲೆಸಿದ್ದವರೂ ಅವರಲ್ಲಿದ್ದರು.

ಎಷ್ಟೋ ದೇಹಗಳ ಗುರುತೇ ಸಿಗಲಿಲ್ಲ. ಅವರು ಯಾವ ಧರ್ಮದವರೆಂದೂ ತಿಳಿಯಲಿಲ್ಲ. ಪುತ್ತುಮಲೆಯ ಟೀ ಎಸ್ಟೇಟಿನಲ್ಲಿ ಮಣ್ಣು ಮಾಡುವಾಗ ಹಿಂದೂ, ಕ್ರೈಸ್ತ, ಮುಸ್ಲಿಂ ಪ್ರಾರ್ಥನೆಗಳೆಲ್ಲವೂ ನಡೆದವು. ಸಮಾಧಿಗಳ ಮೇಲೆ ಹೆಸರಿನ ಬದಲು ಡಿಎನ್‌ಎ ಮಾದರಿಯ ಸಂಖ್ಯೆ. ಆಮೇಲೆ ಡಿಎನ್‌ಎ ಪರೀಕ್ಷೆಯಿಂದ ಕೆಲವರ ಗುರುತು ಸಿಕ್ಕಿತು. ನನ್ನ ಮಟ್ಟಿಗೆ ಅಲ್ಲಿ ಎರಡೂ ಬೇಕಿತ್ತು. ಡಿಎನ್‌ಎ ಮಾಡುವ ಕೆಲಸವನ್ನು ಪ್ರಾರ್ಥನೆ ಮಾಡಲಾರದು. ಹೆಸರಿಲ್ಲದ ದೇಹದ ಮುಂದೆ ನಿಂತವರಿಗೆ ಪ್ರಾರ್ಥನೆ ಕೊಡುವುದನ್ನು ಲ್ಯಾಬ್ ಕೊಡಲಾರದು. ಅದೇ ದಿನಗಳಲ್ಲಿ ಮೇಪ್ಪಾಡಿಯ ಸೇಂಟ್ ಜೋಸೆಫ್ ಶಾಲೆ ಪರಿಹಾರ ಶಿಬಿರವಾಗಿತ್ತು. ಚಾಪೆ, ಊಟ, ಜೊತೆಗೆ ಕೂರುವ ಜನ: ಸಂಕಟದಲ್ಲಿದ್ದವರಿಗೆ ಮೊದಲು ಬೇಕಾಗುವುದು ಇವೇ.

ನಾವು ಏನು ಮಾಡಬಹುದು?

ಇಂಥ ಹೊತ್ತಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಒಂದು ಕೈಪಿಡಿ ತಂದಿತು. ಅದನ್ನು ಸಿದ್ಧಪಡಿಸಿದವರಲ್ಲಿ ವರ್ಲ್ಡ್ ವಿಷನ್ ಎಂಬ ಕ್ರೈಸ್ತ ಸೇವಾ ಸಂಸ್ಥೆಯೂ ಇದೆ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿನ ಜೊತೆ ಜೋಡಿಸಿ ಎನ್ನುತ್ತದೆ ಅದು. ನಡೆದದ್ದನ್ನು ಹೇಳಿ ಎಂದು ಒತ್ತಾಯಿಸಬಾರದು. ಅವರ ನಂಬಿಕೆಯನ್ನು ಗೌರವಿಸಬೇಕು, ಆದರೆ ದುರಂತಕ್ಕೆ ನಮ್ಮ ಧಾರ್ಮಿಕ ವಿವರಣೆಯನ್ನು ಹೇರಬಾರದು. ‘ದೇವರು ಕರೆದುಕೊಂಡ’, ‘ಅವರ ಕರ್ಮ’ ಎಂದು ನಾವು ಸಮಾಧಾನಕ್ಕೆಂದೇ ಆಡುವ ಮಾತುಗಳೂ ಇದರಲ್ಲಿ ಸೇರುತ್ತವೆ. ಪಾದ್ರಿಯನ್ನೋ ಸ್ವಾಮಿಗಳನ್ನೋ ಕರೆಸಬೇಕೇ ಎಂದು ಅವರನ್ನೇ ಕೇಳಿ.

ವಾರಗಳು ಕಳೆದರೂ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡ ಎನ್ನುವ ಮಾತು ಬಂದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.