ಕರ್ಲಿಂಗ್

ಕರ್ಲಿಂಗ್ ಎಂಬುದು ಮಂಜುಗಡ್ಡೆಯ ಅಂಕಣದ ಮೇಲೆ ಗ್ರಾನೈಟ್ ಕಲ್ಲುಗಳನ್ನು ಗುರಿಯತ್ತ ಜಾರಿಸಿ ಆಡುವ ಚಳಿಗಾಲದ ಕ್ರೀಡೆ. ಇದರ ತವರು ಸ್ಕಾಟ್ಲೆಂಡ್. ಅಲ್ಲಿ ದೊರೆತ ಕಲ್ಲೊಂದರ ಮೇಲೆ 1511ನೆಯ ಇಸವಿಯನ್ನು ಕೆತ್ತಲಾಗಿದೆ. 1998ರ ನಗಾನೊ ಕೂಟದಿಂದ ಈ ಆಟವು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ತಪ್ಪದೆ ನಡೆಯುತ್ತಿದೆ.

ತಲಾ ನಾಲ್ವರ ಎರಡು ತಂಡಗಳು ಪ್ರತಿ ಸುತ್ತಿನಲ್ಲಿ ಎಂಟೆಂಟು ಕಲ್ಲುಗಳನ್ನು ಜಾರಿಸುತ್ತವೆ. ಒಂದು ಕಲ್ಲಿನ ತೂಕ ಗರಿಷ್ಠ 19.96 ಕಿ.ಗ್ರಾಂ. ಗುರಿವೃತ್ತದ ಕೇಂದ್ರಕ್ಕೆ ಅತಿ ಸಮೀಪದಲ್ಲಿ ಕಲ್ಲು ನಿಲ್ಲಿಸಿದ ತಂಡಕ್ಕೆ ಮಾತ್ರ ಅಂಕ ದೊರೆಯುತ್ತದೆ. ಒಲಿಂಪಿಕ್ಸ್‌ನ ಕಲ್ಲುಗಳಿಗೆ ಸ್ಕಾಟ್ಲೆಂಡ್‌ನ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟನ್ನು ಬಳಸಲಾಗುತ್ತದೆ.

ಅಂಕಣವು ನೋಟಕ್ಕೆ ನುಣುಪಾಗಿದ್ದರೂ ವಾಸ್ತವದಲ್ಲಿ ಹಾಗಿಲ್ಲ. ಆಟಕ್ಕೆ ಮುನ್ನ ಅದರ ಮೇಲೆ ನೀರಿನ ಹನಿಗಳನ್ನು ಸಿಂಪಡಿಸಿ ಸಣ್ಣ ಉಬ್ಬುಗಳಾಗಿ ಹೆಪ್ಪುಗಟ್ಟಿಸುತ್ತಾರೆ. ಕಲ್ಲಿನ ತಳ ಒಳಬಾಗಿರುವುದರಿಂದ ಕಿರಿದಾದ ಬಳೆಯಾಕಾರದ ಅಂಚು ಮಾತ್ರ ಈ ಉಬ್ಬುಗಳಿಗೆ ತಾಗುತ್ತದೆ. ಸಹ ಆಟಗಾರರು ಕಲ್ಲಿನ ಮುಂದೆ ಬ್ರಷ್‌ನಿಂದ ರಭಸವಾಗಿ ಉಜ್ಜಿದಾಗ ಮೇಲ್ಮೈ ಬಿಸಿಯಾಗಿ ಘರ್ಷಣೆ ತಗ್ಗುತ್ತದೆ. ಕಲ್ಲು ಹೆಚ್ಚು ದೂರ, ಹೆಚ್ಚು ನೇರವಾಗಿ ಸಾಗುತ್ತದೆ.

ಆಟದ ಅತ್ಯಂತ ಕುತೂಹಲಕರ ಅಂಶವೆಂದರೆ ಕಲ್ಲಿನ ಬಾಗುವಿಕೆ. ಬೋರಲಾದ ಲೋಟವನ್ನು ನಯವಾದ ಮೇಜಿನ ಮೇಲೆ ಪ್ರದಕ್ಷಿಣವಾಗಿ ತಿರುಗಿಸುತ್ತ ಜಾರಿಸಿದರೆ ಅದು ಎಡಕ್ಕೆ ಬಾಗುತ್ತದೆ. ಅದೇ ರೀತಿ ತಿರುಗುವ ಕರ್ಲಿಂಗ್ ಕಲ್ಲು ಮಾತ್ರ ಬಲಕ್ಕೆ ಬಾಗುತ್ತದೆ. ಕಲ್ಲಿನ ಮುಂಭಾಗ ಮಂಜುಗಡ್ಡೆಯಲ್ಲಿ ಮೂಡಿಸುವ ಸೂಕ್ಷ್ಮ ಗೀರುಗಳು ಹಿಂಭಾಗವನ್ನು ಪಕ್ಕಕ್ಕೆ ತಿರುಗಿಸುತ್ತವೆ ಎಂದು 2013ರಲ್ಲಿ ಸ್ವೀಡನ್‌ನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ವಾದಿಸಿದರು. ಈ ವಿವರಣೆಯನ್ನು ಎಲ್ಲ ಭೌತವಿಜ್ಞಾನಿಗಳು ಒಪ್ಪಿಲ್ಲ.